ಕಾಲು ನೆಲಕ್ಕೆ ಎಟುಕಬೇಕು

ಸೈಕಲ್ ಕೊಳ್ಳುವುದು ಹಿಂದೆ ಅಷ್ಟೇನೂ ಬುದ್ಧಿ ಖರ್ಚಾಗುವ ಕೆಲಸವಾಗಿರಲಿಲ್ಲ. ದುಡ್ಡು ಹೊಂದಿಸುವುದೇ ಅದರಲ್ಲಿದ್ದ ಕಷ್ಟ. ಅದೊಂದು ಆಯಿತೆಂದರೆ ಅಂಗಡಿಯವನು ಕೇಳುತ್ತಿದ್ದ ಪ್ರಶ್ನೆಗಳು ಮೂರೇ ಮೂರು: 22 ಇಂಚೋ 24 ಇಂಚೋ, ಕಪ್ಪೋ ಹಸಿರೋ, ಡೈನಮೋ ಬೇಕೋ ಬೇಡವೋ. ಹಾಗೆ ತಂದ ಸೈಕಲ್ಲೇ ಹಾಲಿನ ಕ್ಯಾನನ್ನೂ ಹುಲ್ಲಿನ ಹೊರೆಯನ್ನೂ ಹೊರುತ್ತಿತ್ತು, ಹೆಂಡತಿಯನ್ನು ಹಿಂದೆಯೂ ಮಗುವನ್ನು ಮುಂದೆಯೂ ಕೂರಿಸಿಕೊಂಡು ಜಾತ್ರೆಗೂ ಹೋಗುತ್ತಿತ್ತು. ನೀನು ಎಂಥ ಸವಾರ, ಎಂಥ ದಾರಿಯಲ್ಲಿ ಹೋಗುವವನು ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಈಗ ಅಂಗಡಿಯ ಮೆಟ್ಟಿಲು ಹತ್ತುವುದೇ ತಡ, ‘ಯಾವ ಟೈಪ್ ಬೈಕ್ ಸಾರ್? ಎಂಟಿಬಿಯೋ, ರೋಡ್ ಬೈಕೋ, ಹೈಬ್ರಿಡ್ಡೋ?’ ಎಂಬ ಪ್ರಶ್ನೆ ಎದುರಾಗುತ್ತದೆ. ಬೈಕ್ ಎಂದರೆ ಪೆಟ್ರೋಲು ಕುಡಿಯುವ ವಾಹನವೆಂದೇ ತಿಳಿದು ಬೆಳೆದ ನಮ್ಮಂಥವರಿಗೆ ಮೊದಲ ಪದದಲ್ಲಿಯೇ ಗ್ಯಾರು ಹಿಡಿಯುತ್ತದೆ.

ನಮ್ಮ ಮನೆಯಲ್ಲಿ ಸೈಕಲ್ ಬೇಕಾಗಿದ್ದದ್ದು ನನಗಲ್ಲ, ನನ್ನ ಹೆಂಡತಿಗೆ. ಅವಳಿಗೆ 54 ವರ್ಷ. ಮಗಳನ್ನು ಮದುವೆ ಮಾಡಿ ಕಳಿಸಿದ ವರ್ಷ ಒಂದು ಬೆಳಗ್ಗೆ ಕಾಫಿ ಲೋಟ ಕೈಗೆ ಕೊಡುತ್ತ, ‘ರೀ, ನಾನು ಸೈಕಲ್ ಕಲೀಬೇಕು’ ಎಂದಳು. ಮಂಡಿನೋವಿಗೆ ಡಾಕ್ಟರು ಹೇಳಿರಬೇಕೆಂದುಕೊಂಡೆ. ಡಾಕ್ಟರೂ ಹೇಳಿರಲಿಲ್ಲ, ಟೀವಿಯೂ ಹೇಳಿರಲಿಲ್ಲ. ಚೀಟಿ ಎತ್ತಿದ ಹದಿನೈದು ಸಾವಿರ ರೂಪಾಯಿ ಅವಳ ಬೀರುವಿನಲ್ಲಿ ಇತ್ತು. ‘ಇದರೊಳಗೇ ಆಗಬೇಕು, ನಿಮ್ಮ ಹತ್ತಿರ ಕೇಳೋದಿಲ್ಲ’ ಎಂದಳು. ಹೀಗೆ ಬಜೆಟ್ಟನ್ನು ಮೊದಲೇ ಮಂಡಿಸಿಬಿಟ್ಟದ್ದರಿಂದ ನನಗೆ ಉಳಿದ ಖಾತೆಯೆಂದರೆ ಸಲಹೆಯದು.

ಸಲಹೆಗೆ ನಮ್ಮ ದೇಶದಲ್ಲಿ ಎಂದೂ ಬರಗಾಲವಿಲ್ಲ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಭಾನುವಾರ ಬೆಳಗಿನ ಜಾವ ಎದ್ದು ನಂದಿಬೆಟ್ಟಕ್ಕೆ ಸೈಕಲ್ಲಿನಲ್ಲಿ ಹೋಗಿಬರುವ ಪೈಕಿ. ಅವನು ಫೋನಿನಲ್ಲಿ, ‘ಮಾವ, ಕೊಂಡರೆ ರೋಡ್ ಬೈಕೇ ಕೊಳ್ಳಿ. ಅತ್ತೆ ಒಂದು ಸಲ ತುಳಿದರೆ ಮತ್ತೆ ಬೇರೆಯದನ್ನು ಮುಟ್ಟೋದಿಲ್ಲ’ ಎಂದ. ಪಕ್ಕದ ಮನೆಯ ಹುಡುಗ, ‘ಅಂಕಲ್, ಮೈಸೂರಿನ ಗುಂಡಿಗಳಿಗೆ ಎಂಟಿಬಿ ಬಿಟ್ಟರೆ ಬೇರೆ ಇಲ್ಲ’ ಎಂದು ತನ್ನದನ್ನು ತಂದು ತೋರಿಸಿದ. ಉಬ್ಬಿದ ಟೈರು, ಮುಂದೆ ಎರಡು ಸ್ಪ್ರಿಂಗು, ಎರಡು ಚಕ್ರಕ್ಕೂ ಡಿಸ್ಕ್ ಬ್ರೇಕು, ಚೌಕಟ್ಟಿನ ಮೇಲೆ ಮಿಂಚಿನ ಚಿತ್ರ, ಇಪ್ಪತ್ತೊಂದು ಗೇರು. ನಿಂತಲ್ಲೇ ಓಡುವ ಹಾಗಿತ್ತು. ಎತ್ತಿ ನೋಡಿದೆ, ಹದಿನೇಳು ಕಿಲೋಗೆ ಕಡಿಮೆ ಇರಲಾರದು.

ಈ ಎಂಟಿಬಿ, ಅಂದರೆ ಬೆಟ್ಟದ ಸೈಕಲ್ಲಿನ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. 1970ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಟ್ಯಾಮಲ್ಪೈಸ್ ಬೆಟ್ಟದ ಸುತ್ತ ಕೆಲವು ಹುಡುಗರು, ದಪ್ಪ ಟೈರಿನ ಹಳೆಯ ಗುಜರಿ ಸೈಕಲ್ಲುಗಳನ್ನು ಮೇಲಕ್ಕೆ ಸಾಗಿಸಿ ಮಣ್ಣಿನ ದಾರಿಯಲ್ಲಿ ಕೆಳಕ್ಕೆ ಬಿಡುತ್ತಿದ್ದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಆ ಇಳಿಜಾರಿನಲ್ಲಿ ಕಾದು, ಹಬ್ಬಿನೊಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿಸಲವೂ ಬಿಚ್ಚಿ ಹೊಸದಾಗಿ ಗ್ರೀಸ್ ತುಂಬಬೇಕಾಗಿದ್ದರಿಂದ ಆ ದಾರಿಗೆ ‘ರೀಪ್ಯಾಕ್’ ಎಂಬ ಹೆಸರೇ ಬಿತ್ತು. 1976ರಲ್ಲಿ ಅಲ್ಲಿ ಪಂದ್ಯ ಶುರುವಾಯಿತು. ಆ ಹುಡುಗರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಎಂಬಿಬ್ಬರು 1979ರಲ್ಲಿ ಇಂಥ ಸೈಕಲ್ಲುಗಳನ್ನು ಮಾರುವ ಕಂಪನಿಯನ್ನೇ ತೆರೆದರು. ಒಳ್ಳೆಯದೇ. ಆದರೆ ನನ್ನ ಹೆಂಡತಿ ಹೋಗಬೇಕಾದದ್ದು ನಂಜುಮಳಿಗೆಯ ತರಕಾರಿ ಮಾರುಕಟ್ಟೆಗೆ. ಆ ದಾರಿಯಲ್ಲಿ ಗ್ರೀಸು ಹೊಗೆಯಾಡುವಂಥ ಇಳಿಜಾರು ನಾನು ಕಂಡಿಲ್ಲ.

ಬೆಟ್ಟಕ್ಕೆ ಹುಟ್ಟಿದ ಅಂಗಾಂಗಗಳನ್ನು ಅಗ್ಗದ ಸೈಕಲ್ಲಿಗೆ ಹಚ್ಚಿದರೆ ಏನಾಗುತ್ತದೆ ಎಂಬುದನ್ನು ನನಗೆ ತಿಳಿಸಿದವರು ನಮ್ಮ ಬೀದಿ ತುದಿಯಲ್ಲಿ ರಿಪೇರಿ ಮಾಡುವ ಹಿರಿಯರು. ಮರದ ನೆರಳು, ಒಂದು ಪೆಟ್ಟಿಗೆ, ನೀರಿನ ಬೋಗುಣಿ, ಕಾಲಲ್ಲಿ ಒತ್ತಿ ಹಿಡಿಯುವ ಪಂಪು: ಇಷ್ಟೇ ಅವರ ಕಾರ್ಖಾನೆ. ‘ಮುಂದಿನ ಸ್ಪ್ರಿಂಗು ಒಳ್ಳೇದು ಬೇಕಂದ್ರೆ ಅದಕ್ಕೇ ಈ ಸೈಕಲ್ ರೇಟು ಆಗುತ್ತೆ ಸ್ವಾಮಿ. ಕಡಿಮೆ ರೇಟಿಂದು ಬರೀ ಎರಡು ಕೆಜಿ ಕಬ್ಬಿಣ. ನೀವು ತುಳಿದಿದ್ದರಲ್ಲಿ ಸ್ವಲ್ಪ ಅದು ತಿಂದುಬಿಡುತ್ತೆ’ ಎಂದರು. ಅಗ್ಗದ ಡಿಸ್ಕು ಒಂದಿಷ್ಟು ಬಗ್ಗಿದರೆ ಸಾಕು, ಕಿರ್ರೋ ಎಂದು ತಾಗುತ್ತಲೇ ಇರುತ್ತದಂತೆ. ರಿಮ್ಮನ್ನು ಎರಡೂ ಕಡೆಯಿಂದ ಹಿಡಿಯುವ ರಬ್ಬರು ಬ್ರೇಕಾದರೆ ಸವೆದಾಗ ಚಿಲ್ಲರೆ ದುಡ್ಡಿನಲ್ಲಿ ಹೊಸ ರಬ್ಬರು ಹಾಕಿಸಬಹುದು, ಯಾವ ಊರಲ್ಲಾದರೂ.

ಇಪ್ಪತ್ತೊಂದು ಗೇರಿನ ಲೆಕ್ಕವನ್ನು ನಾನೇ ಕುಳಿತು ಮಾಡಿದೆ. ಹುಡುಗನ ಸೈಕಲ್ಲಿನಲ್ಲಿ ಮುಂದೆ 42, 34, 24 ಹಲ್ಲಿನ ಮೂರು ಚಕ್ರ. ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು. ಮುಂದಿನ 24ರಿಂದ ಹಿಂದಿನ 28ಕ್ಕೆ ಚೈನು ಬಿದ್ದಾಗ ಪೆಡಲು ಒಂದು ಸುತ್ತು ಬಂದರೆ ಹಿಂಚಕ್ರ ಪೂರ್ತಿ ಒಂದು ಸುತ್ತೂ ಬರುವುದಿಲ್ಲ. ಏರಿಗೆ ಅದು ಬೇಕು. 42ರಿಂದ 14ಕ್ಕಾದರೆ ಮೂರು ಸುತ್ತು. ಬಯಲಿನಲ್ಲಿ ಓಡಿಸಲು ಅದು. ನಡುವಿನವುಗಳಲ್ಲಿ ಎಷ್ಟೋ ಒಂದರ ಮೇಲೊಂದು ಬಂದು ಕೂರುತ್ತವೆ. ಇನ್ನು ಕೆಲವದರಲ್ಲಿ ಚೈನು ಓರೆಯಾಗಿ ಎಳೆದುಕೊಂಡು ಬೇಗ ಸವೆಯುತ್ತದೆ. ಕಾಲಿಗೆ ಬೇರೆ ಬೇರೆಯೆಂದು ತಿಳಿಯುವಂಥವು ಒಂದು ಡಜನ್ ಇದ್ದರೆ ಹೆಚ್ಚು. ಸಮನಾದ ಊರಿನಲ್ಲಿ ತಿರುಗುವವರಿಗೆ ಹಿಂದಿನ ಏಳೇ ಧಾರಾಳ.

ರೋಡ್ ಬೈಕನ್ನೂ ನೋಡಿಬಂದೆವು. ಅದು ನಿಜಕ್ಕೂ ಸುಂದರವಾದ ವಸ್ತು. ಹತ್ತು ಹನ್ನೊಂದು ಕಿಲೋ, ಒಂದೇ ಕೈಯಲ್ಲಿ ಎತ್ತಬಹುದು. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ಹೆಬ್ಬೆರಳಿನಷ್ಟು ಅಗಲದ ಟೈರು. ದೂರದ ಡಾಂಬರು ದಾರಿಗೆ ಹೇಳಿಮಾಡಿಸಿದ್ದು. ಅಳಿಯ ಸುಳ್ಳು ಹೇಳಿರಲಿಲ್ಲ. ಆದರೆ ಆ ಸಣ್ಣ ಟೈರಿಗೆ ಎಂಬತ್ತು ಪೌಂಡಿನ ಮೇಲೆ ಗಾಳಿ ಬೇಕು, ವಾರವಾರವೂ ಹಾಕಬೇಕು, ಗಾಳಿ ಕಡಿಮೆಯಾಗಿ ಗುಂಡಿಗಿಳಿದರೆ ಟ್ಯೂಬು ರಿಮ್ಮಿಗೆ ಸಿಕ್ಕಿ ಕಚ್ಚಿಹೋಗುತ್ತದೆ. ಅದರ ವಾಲ್ವು ಕಡ್ಡಿಯಂತೆ ಸಪೂರ. ಮರದಡಿಯ ಪಂಪಿನ ಬಾಯಿಗೆ ಹೊಂದುವುದಿಲ್ಲ. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ. ನಾವು ನೋಡಿದ್ದರಲ್ಲಿ ಅಗ್ಗದ್ದೇ ಮೂವತ್ತು ಸಾವಿರ ದಾಟಿತ್ತು. ನನ್ನ ಹೆಂಡತಿ ಅದರ ನಡುವಿನ ಕಂಬಿಯ ಮೇಲೆ ಒಮ್ಮೆ ಕೈಯಾಡಿಸಿ, ‘ಇದಕ್ಕೂ ಬಾರ್ ಇದೆ’ ಎಂದಳು.

ಆ ಮಾತಿನ ಹಿಂದೆ ಇರುವ ಕಥೆಯನ್ನು ಹೇಳಲೇಬೇಕು. ಅವಳ ಊರು ನಾಗಮಂಗಲದ ಕಡೆಯ ಒಂದು ಹಳ್ಳಿ. ಹೈಸ್ಕೂಲು ನಡೆಯುವಷ್ಟು ಹತ್ತಿರವಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಬಂದಳು. ಪಿಯು ಕಾಲೇಜು ಏಳು ಮೈಲಿ. ಬಸ್ಸು ಹೊರಡುತ್ತಿದ್ದದ್ದು ಮೊದಲನೆಯ ಪೀರಿಯಡ್ ಮುಗಿಯುವ ಹೊತ್ತಿಗೆ. ಅವಳಣ್ಣನಿಗೆ ಎರಡು ವರ್ಷದ ಹಿಂದೆಯೇ ಸೈಕಲ್ ಬಂದಿತ್ತು, 24 ಇಂಚಿನದು, ಹಸಿರು ಬಣ್ಣದ್ದು. ಅವನು ಓದು ಮುಗಿಸಿ ಕೆಲಸಕ್ಕೆಂದು ಹೋದ ಮೇಲೆ ಆ ಸೈಕಲ್ಲು ಕೊಟ್ಟಿಗೆಯ ಗೋಡೆಗೆ ಒರಗಿಕೊಂಡೇ ನಿಂತಿತ್ತು. ನಡುವೆ ಬಾರು, ಲಂಗ ತೊಟ್ಟ ಹುಡುಗಿ, ಸೀಟೋ ಅವಳ ಎದೆಯ ಮಟ್ಟಕ್ಕೆ. ಬಾರಿಲ್ಲದ ಲೇಡೀಸ್ ಸೈಕಲ್ಲು ಆಗಲೂ ಇತ್ತು. ಆದರೆ ಅವಳಪ್ಪ, ‘ಹೆಣ್ಣುಮಕ್ಕಳಿಗೆ ಸೈಕಲ್ ಏತಕ್ಕೆ’ ಎಂದರು. ಅಲ್ಲಿಗೆ ಮುಗಿಯಿತು. ಅವರು ಕೆಟ್ಟವರಲ್ಲ, ಆ ಕಾಲದಲ್ಲಿ ಆ ಊರಿನಲ್ಲಿ ಯಾರಾದರೂ ಹೇಳಬಹುದಾಗಿದ್ದ ಮಾತನ್ನೇ ಹೇಳಿದರು. ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ್ದು 2006-07ರಲ್ಲಿ. ಅದಾದ ಮೇಲೊಮ್ಮೆ ತವರಿಗೆ ಹೋಗಿದ್ದಾಗ, ಸಂಜೆ ಸ್ಕೂಲು ಬಿಟ್ಟು ಸಾಲಾಗಿ ಸೈಕಲ್ ತುಳಿದುಕೊಂಡು ಬರುತ್ತಿದ್ದ ಹುಡುಗಿಯರನ್ನು ಅವಳು ಜಗಲಿಯ ಮೇಲೆ ನಿಂತು ಎಣಿಸಿದ್ದು ನನಗೆ ನೆನಪಿದೆ. ‘ಹದಿನಾಲ್ಕು’ ಎಂದಳು. ಮತ್ತೇನೂ ಹೇಳಲಿಲ್ಲ.

ಹೀಗಾಗಿ ನಮ್ಮ ಆಯ್ಕೆಯ ಮೊದಲ ಸೂತ್ರ ಗೇರಿನಿಂದಲ್ಲ, ಮೈಯಿಂದ ಹೊರಟಿತು. ಅಂಗಡಿಗಳಲ್ಲಿ ‘26 ಬೇಕಾ, 29 ಬೇಕಾ’ ಎಂದು ಕೇಳುವುದು ಚಕ್ರದ ಅಳತೆಯನ್ನು. ಸವಾರನಿಗೆ ಬೇಕಾದದ್ದು ಚೌಕಟ್ಟಿನ ಅಳತೆ. ಅಂಗಿ ಕೊಳ್ಳುವಾಗ ಗುಂಡಿಯ ಅಳತೆ ಕೇಳಿದ ಹಾಗೆ. ಸೀಟಿನ ಮುಂದೆ ನೆಲದ ಮೇಲೆ ಎರಡೂ ಪಾದ ಊರಿ ನಿಂತಾಗ ಕಂಬಿ ಮೈಗೆ ತಾಗದೆ ಒಂದೆರಡು ಇಂಚಾದರೂ ಕೆಳಗಿರಬೇಕು. ಕೂತಾಗ ಹ್ಯಾಂಡಲ್ಲಿಗೆ ಕೈ ಚಾಚಿ ತೆವಳುವಂತಿರಬಾರದು. ಪಳಗಿದವರಿಗೆ, ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗುವಷ್ಟು ಸೀಟು ಎತ್ತರವಿರಬೇಕು. ಇಲ್ಲದಿದ್ದರೆ ಮಂಡಿ ನೋಯುತ್ತದೆ. ಕಲಿಯುವವರಿಗೆ ಮಾತ್ರ ಬೇರೆ ನ್ಯಾಯ: ಕೂತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಎಟುಕಬೇಕು. ಧೈರ್ಯ ಬಂದ ಹಾಗೆ ಸೀಟನ್ನು ಬೆರಳು ಬೆರಳಷ್ಟೇ ಏರಿಸಿಕೊಂಡು ಹೋಗಬಹುದು.

ಹೀಗೆ ಅಳೆದೂ ಸುರಿದೂ ಕೊನೆಗೆ ಕೊಂಡದ್ದು ಬಾರಿಲ್ಲದ, ನಡುವೆ ಕಾಲು ದಾಟಿಸಿ ಹತ್ತಬಹುದಾದ, ಸ್ಪ್ರಿಂಗಿಲ್ಲದ ಸೈಕಲ್ಲು. ಹಿಂದೆ ಮಾತ್ರ ಏಳು ಗೇರು, ರಬ್ಬರು ಬ್ರೇಕು, ಒಂದೂವರೆ ಇಂಚಿನ ಟೈರು. ಹನ್ನೊಂದೂವರೆ ಸಾವಿರ. ಉಳಿದ ದುಡ್ಡಿನಲ್ಲಿ ಹೆಲ್ಮೆಟ್ಟು, ಬೀಗ, ಹಿಂದೆ ಮುಂದೆ ದೀಪ, ಒಂದು ಪಂಪು, ಕ್ಯಾರಿಯರ್ ಬಂದವು. ಮೊದಲ ಬಾರಿಗೆ ಕೊಳ್ಳುವವರು ಇವಕ್ಕೆಂದು ಮೂರು ಸಾವಿರವನ್ನಾದರೂ ಬೇರೆ ತೆಗೆದಿಡುವುದು ಕ್ಷೇಮ. ಕೊಂಡ ಒಂದು ತಿಂಗಳಿಗೆ ಬ್ರೇಕು ಗೇರುಗಳ ತಂತಿ ಸಡಿಲವಾಗುವುದು ಸಹಜ. ಮತ್ತೊಮ್ಮೆ ಬಿಗಿ ಮಾಡಿಸಬೇಕು. ಇನ್ನೂ ಕಡಿಮೆಯಲ್ಲಿ ಆಗಬೇಕೆಂದರೆ, 2020ರ ಲಾಕ್‌ಡೌನಿನ ಉತ್ಸಾಹದಲ್ಲಿ ಕೊಂಡು ಧೂಳು ತಿನ್ನುತ್ತಿರುವ ಸೈಕಲ್ಲುಗಳು ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಬೇಕಾದಷ್ಟಿವೆ. ಚೌಕಟ್ಟಿನ ಬೆಸುಗೆಯಲ್ಲಿ ಬಿರುಕಿಲ್ಲ, ಚಕ್ರ ತಿರುಗಿಸಿದರೆ ಓಲಾಡುವುದಿಲ್ಲ ಎಂದು ನೋಡಿ ತರಬಹುದು.

ಕಲಿಸುವ ವಿದ್ಯೆಯೂ ಮರದಡಿಯ ಹಿರಿಯರದೇ. ನಾವೆಲ್ಲ ಬಾಡಿಗೆ ಸೈಕಲ್ಲಿನಲ್ಲಿ, ಬಾರಿನ ಕೆಳಗೆ ಕಾಲು ತೂರಿಸಿ, ಹಿಂದೆ ಹಿಡಿದುಕೊಂಡವನು ಕೈಬಿಟ್ಟಾಗ ಚರಂಡಿಗೆ ಬಿದ್ದು ಕಲಿತವರು. ಅವರು ಹಾಗೆ ಮಾಡಲಿಲ್ಲ. ಸ್ಪ್ಯಾನರ್ ತೆಗೆದುಕೊಂಡು ಎರಡೂ ಪೆಡಲು ಬಿಚ್ಚಿಕೊಟ್ಟರು. ಎಡಗಡೆಯ ಪೆಡಲಿನ ಮರೆ ಉಲ್ಟಾ ಇರುತ್ತದೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ ಎಂಬುದು ನನಗೆ ಆಗಲೇ ತಿಳಿದದ್ದು. ‘ಅಮ್ಮಾ, ಒಂದು ವಾರ ಕಾಲಲ್ಲಿ ನೆಲ ತಳ್ಳಿಕೊಂಡೇ ಹೋಗಿ. ತೂಕ ನಿಂತ ಮೇಲೆ ಪೆಡಲು ತಾನಾಗೇ ಬರುತ್ತೆ’ ಎಂದರು. ಬಡಾವಣೆಯ ಮೈದಾನದಲ್ಲಿ ಬೆಳಗಿನ ಐದೂವರೆಗೆ ಈ ತಾಲೀಮು ನಡೆಯಿತು. ವಾಕಿಂಗಿನವರು ನಿಂತು ನೋಡಿದರು. ಚೂಡಿದಾರ ತೊಟ್ಟು, ಹೆಲ್ಮೆಟ್ ಹಾಕಿ, ಹುಬ್ಬು ಗಂಟಿಕ್ಕಿಕೊಂಡು ಬಾತುಕೋಳಿಯ ಹಾಗೆ ಹೋಗುತ್ತಿದ್ದವಳು ಯಾರ ಕಡೆಗೂ ನೋಡಲಿಲ್ಲ. ಹತ್ತನೆಯ ದಿನಕ್ಕೆ ಪೆಡಲು ಬಂತು. ಎರಡು ತಿಂಗಳಿಗೆ ನಂಜುಮಳಿಗೆಯಿಂದ ಸೊಪ್ಪು ಬಂತು.

ಕಳೆದ ದಸರೆಯ ರಜೆಯಲ್ಲಿ ಒಂದು ಬೆಳಗ್ಗೆ ಹೇಳದೆ ಕೇಳದೆ ಹೊರಟವಳು ಒಂದು ಗಂಟೆಯಾದರೂ ಬರಲಿಲ್ಲ. ನಾನು ಗೇಟಿನ ಬಳಿ ಅಡ್ಡಾಡುತ್ತಿದ್ದೆ. ಲಲಿತಮಹಲ್ ರಸ್ತೆಯ ಕಡೆಯಿಂದ ಸುತ್ತಿಕೊಂಡು ಬಂದಳು. ಮುಖವೆಲ್ಲ ಬೆವರು. ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಫೋನು ತೆಗೆದು ದೂರ ನೋಡಿ, ‘ಹನ್ನೆರಡು ಕಿಲೋಮೀಟರ್ ಆಗಿದೆ. ಏಳು ಮೈಲಿ ಅಂದರೆ ಎಷ್ಟಾಗುತ್ತೆ?’ ಎಂದು ಕೇಳಿದಳು.

‘ಹನ್ನೊಂದೂ ಕಾಲು’ ಎಂದೆ.

‘ಅಷ್ಟೇನೂ ದೂರ ಇರಲಿಲ್ಲ ಕಣ್ರೀ’ ಎಂದು ಹೇಳಿ ನೀರು ಕುಡಿಯಲು ಒಳಕ್ಕೆ ಹೋದಳು.