ಕಾಲು ಬೇಡದ ಎತ್ತರದಲ್ಲಿ

ಮನುಷ್ಯನು ಆಡುವ ಸುಳ್ಳುಗಳೆಲ್ಲ ಲಾಭಕ್ಕಾಗಿ ಹುಟ್ಟಿದವಲ್ಲ. ಹಲವು ನಾಚಿಕೆಯಿಂದ ಹುಟ್ಟುತ್ತವೆ. ಈ ಮಾತನ್ನು ನಾನು ಅರಿತದ್ದು ಗ್ರಂಥದಿಂದಲ್ಲ. ಬೆಂಗಳೂರಿನ ಜಕ್ಕೂರು ವಿಮಾನಾಂಗಣದಲ್ಲಿ, ಒಂದು ಅರ್ಜಿಯ ಮುಂದೆ ಕುಳಿತಾಗ.

ಎರಡನೆಯ ವಯಸ್ಸಿನಲ್ಲಿ ಬಂದ ಪೋಲಿಯೊ ನನ್ನ ಎಡಗಾಲಿನ ಶಕ್ತಿಯನ್ನು ಕಸಿದುಕೊಂಡಿತು. ಕ್ಯಾಲಿಪರ್ ಕಟ್ಟಿಕೊಂಡೇ ಹೊಳಲ್ಕೆರೆಯಲ್ಲಿ ಮೂರು ದಶಕ ಮಕ್ಕಳಿಗೆ ಗಣಿತ ಕಲಿಸಿದೆ. ಬಾಲ್ಯದಲ್ಲಿ ಗೆಳೆಯರು ಚಿತ್ರದುರ್ಗದ ಕೋಟೆಯನ್ನು ಹತ್ತುವಾಗ ನಾನು ಕೆಳಗೆ ಅವರ ಬುತ್ತಿಗಂಟುಗಳನ್ನು ಕಾಯುತ್ತಿದ್ದೆ. ಬಂಡೆಗಳ ಮೇಲೆ ರೆಕ್ಕೆ ಅಲುಗಿಸದೆ ಸುತ್ತುವ ಹದ್ದುಗಳನ್ನು ನೋಡುತ್ತ, ಒಮ್ಮೆಯಾದರೂ ಹಾರಬೇಕೆಂಬ ಆಸೆ ಅಂದೇ ಮೊಳೆಯಿತು.

ನಿವೃತ್ತನಾದ ವರ್ಷ, ಎರಡೇ ಆಸನಗಳ ಮೈಕ್ರೋಲೈಟ್ ವಿಮಾನವೊಂದರಲ್ಲಿ ಆ ಅವಕಾಶ ಒದಗಿತು. ಅರ್ಜಿಯಲ್ಲಿ ‘ಅಂಗವೈಕಲ್ಯವೇನಾದರೂ ಇದೆಯೇ?’ ಎಂಬ ಪ್ರಶ್ನೆಯಿತ್ತು. ‘ಇಲ್ಲ’ ಎಂದು ಬರೆದೆ. ಕ್ಯಾಲಿಪರನ್ನು ಪಂಚೆ ಮರೆಮಾಡಿತ್ತು. 1931ರಲ್ಲಿ ಎರಡೂ ಕಾಲುಗಳನ್ನು ಕಳೆದುಕೊಂಡು, 1940ರಲ್ಲಿ ಯುದ್ಧವಿಮಾನ ನಡೆಸಿದ ಬ್ರಿಟನ್ನಿನ ಡಗ್ಲಸ್ ಬೇಡರ್‌ನ ಕಥೆಯನ್ನು ನೆನೆದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆದರೆ ಬೇಡರ್ ತನ್ನ ಕೊರತೆಯನ್ನು ಮುಚ್ಚಿಟ್ಟು ಹಾರಿದವನಲ್ಲ.

ನನ್ನ ನಡಿಗೆಯನ್ನು ನೋಡಿದ ತರುಣ ಚಾಲಕನು ಬೇರೆ ಯಾರಿಗೂ ಕೇಳಿಸದಂತೆ ಹೇಳಿದನು: “ಸರ್, ಎಂಜಿನ್ ನಿಂತು ಯಾವುದೋ ಹೊಲದಲ್ಲಿ ಇಳಿಯಬೇಕಾಗಿ ಬಂದರೆ ನೀವು ಎಷ್ಟು ಬೇಗ ಹೊರಗೆ ಬರಬಲ್ಲಿರಿ? ಅದು ಮೊದಲೇ ಗೊತ್ತಿದ್ದರೆ ನಿಮ್ಮನ್ನು ಬಿಡಿಸುವ ಕೆಲಸ ನನ್ನದು.”

ನಾನು ತಲೆತಗ್ಗಿಸಿದೆ. ನನ್ನ ಸುಳ್ಳು ನನ್ನೊಬ್ಬನದೆಂದು ಭಾವಿಸಿದ್ದೆ. ಅದರ ಭಾರವನ್ನು ಹೊರಬೇಕಾದವನು ಎದುರಿಗೇ ನಿಂತಿದ್ದನು. ನಮ್ಮ ಜಿಲ್ಲೆಯ ಚಳ್ಳಕೆರೆಯ ಬಳಿ 2017ರಲ್ಲಿ ಆರಂಭವಾದ ಪರೀಕ್ಷಾ ವಲಯದಲ್ಲಿ ಚಾಲಕರಹಿತ ವಿಮಾನಗಳನ್ನು ಹಾರಿಸುತ್ತಾರೆ. 2023ರ ಆಗಸ್ಟ್‌ನಲ್ಲಿ ಅಂಥದೊಂದು ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿದ್ದಾಗ, ಅದರೊಳಗಿಂದ ಹೊರಗೆ ಬರಬೇಕಾದವರು ಯಾರೂ ಇರಲಿಲ್ಲ. ಇಬ್ಬರು ಕುಳಿತ ವಿಮಾನದ ಮಾತು ಹಾಗಲ್ಲ. ಒಬ್ಬನ ಪ್ರಾಣ ಇನ್ನೊಬ್ಬನ ಸತ್ಯವನ್ನು ಆಶ್ರಯಿಸಿರುತ್ತದೆ. ‘ಇಲ್ಲ’ ಎಂಬುದನ್ನು ಹೊಡೆದು ಹಾಕಿ, ಇದ್ದದ್ದನ್ನು ಬರೆದೆ. ಇನ್ನು ಮನೆಗೆ ಮರಳುವುದೇ ಎಂದುಕೊಂಡೆ. ಅವನು ನನ್ನ ಕಾಲನ್ನು ಎಲ್ಲಿ ಇರಿಸಬೇಕೆಂದು ತೋರಿಸಿ, ಪಟ್ಟಿ ಬಿಗಿದು, ಅದನ್ನು ಬಿಚ್ಚುವ ಬಗೆಯನ್ನು ಎರಡು ಬಾರಿ ಹೇಳಿಸಿಕೊಂಡನು.

ಸಾಮಾನ್ಯ ವಿಮಾನದ ಬಾಲದ ಚುಕ್ಕಾಣಿಯನ್ನು ಪಾದಗಳಿಂದ ಒತ್ತಿ ತಿರುಗಿಸುತ್ತಾರೆ. ಕಾಲಿನ ಬಲವಿಲ್ಲದವರಿಗಾಗಿ ಅದಕ್ಕೆ ಕೈಹಿಡಿ ಜೋಡಿಸುವುದುಂಟು. ನಾವು ಕುಳಿತ ವಿಮಾನದಲ್ಲಿ ಆ ಚುಕ್ಕಾಣಿಯೇ ಇಲ್ಲ. ಮೇಲಿನ ರೆಕ್ಕೆಗೆ ತೂಗುಬಿದ್ದ ನಮ್ಮ ದೇಹಭಾರವೇ ಅದರ ದಾರಿ. ಅಡ್ಡಗೋಲನ್ನು ಬಲಕ್ಕೆ ತಳ್ಳಿದರೆ ವಿಮಾನ ಎಡಕ್ಕೆ ಹೊರಳುತ್ತದೆ. ಎದೆಗೆ ಎಳೆದುಕೊಂಡರೆ ಮೂತಿ ತಗ್ಗಿ ವೇಗ ಹೆಚ್ಚುತ್ತದೆ. ಪಾದದ ಕೆಲಸವೆಲ್ಲ ಹೆಚ್ಚಾಗಿ ನೆಲದ ಮೇಲೆಯೇ. ಮೇಲೇರಿದ ಬಳಿಕ ಕ್ಷಣಕಾಲ ಆ ಗೋಲು ನನ್ನ ಕೈಗೆ ಬಂದಿತು. ಅರವತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ನನ್ನ ಕಾಲಿನ ನೆನಪಿಲ್ಲದೆ ಒಂದು ದಿಕ್ಕಿಗೆ ಚಲಿಸಿದೆ.

ಕೆಳಗಿಳಿದ ಮೇಲೆ ಕಾಲು ಹಿಂದಿನಂತೆಯೇ ಇತ್ತು. ನಾಚಿಕೆ ಮಾತ್ರ ಹಿಂದಿನಂತಿರಲಿಲ್ಲ. ಕೆಲವು ತಿಂಗಳ ತರುವಾಯ ಹೊಸದುರ್ಗದ ಸಮುದಾಯ ಭವನವೊಂದರಲ್ಲಿ ಬಂಧುಗಳ ಮದುವೆಯಿತ್ತು. ಎತ್ತರದ ಮೆಟ್ಟಿಲುಗಳ ಎದುರು “ಪರವಾಗಿಲ್ಲ, ಹತ್ತುತ್ತೇನೆ” ಎನ್ನುವುದು ನನ್ನ ಹಳೆಯ ರೂಢಿ. ಅಂದು “ನನ್ನಿಂದ ಆಗದು” ಎಂದೆ. ಆಡಳಿತದ ಹಿರಿಯರೊಬ್ಬರು ನೊಂದುಕೊಂಡು, “ಇಷ್ಟು ವರ್ಷ ಏಕೆ ಹೇಳಲಿಲ್ಲ, ಮೇಷ್ಟ್ರೇ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರೂ ಇಷ್ಟು ವರ್ಷ ಕೇಳಿರಲಿಲ್ಲ.

ಮುಂದಿನ ಬೇಸಗೆಯ ಹೊತ್ತಿಗೆ ಮೆಟ್ಟಿಲುಗಳ ಪಕ್ಕದಲ್ಲಿ ಇಳಿಜಾರು ದಾರಿಯೊಂದು ಸಿದ್ಧವಾಗಿತ್ತು. ಅದರಲ್ಲಿ ಮೊದಲು ನಡೆದವನು ನಾನಲ್ಲ. ಮೊಣಕಾಲು ನೋವಿನ ಇಬ್ಬರು ಅಜ್ಜಿಯರು. ತಮ್ಮ ನೋವನ್ನು ಅವರೂ ಯಾರೊಡನೆಯೂ ಹೇಳಿಕೊಂಡಿರಲಿಲ್ಲ.