ಆಜ್ಞೆ ಹೋಯಿತು, ಕೋಣೆ ತಣ್ಣಗಾಯಿತೆ?

ಜಿಂಜ್‌ನ ನಮ್ಮ ಮನೆಯಲ್ಲಿ ಆರು ರಿಮೋಟುಗಳಿವೆ. ಮೂರು ಎ.ಸಿ.ಗಳವು, ಒಂದು ಟಿ.ವಿ.ಯದು, ಒಂದು ಸೆಟ್‌ಟಾಪ್ ಪೆಟ್ಟಿಗೆಯದು. ಉಳಿದೊಂದು ಯಾವುದರದೆಂದು ಯಾರಿಗೂ ನೆನಪಿಲ್ಲ. ಬೇಸಿಗೆಯಲ್ಲಿ ತೀರ್ಥಹಳ್ಳಿಯಿಂದ ಬಂದ ತಾಯಿಯವರಿಗೆ ಇವೆಲ್ಲ ಒಂದೇ ತೆರನಾಗಿ ಕಾಣುತ್ತಿದ್ದವು. ಮಕ್ಕಳಿಗೆ ಅದು ನಗೆಯ ವಿಷಯ. ವೈದ್ಯವೃತ್ತಿಯಲ್ಲಿರುವ ನಮಗೆ ಹಾಗೆನ್ನಿಸಲಿಲ್ಲ.

ಜುಲೈ, ಆಗಸ್ಟ್ ತಿಂಗಳ ಬಹ್ರೈನ್‌ನಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವುದು ಸಾಮಾನ್ಯ. ಅದರ ಮೇಲೆ ಕಡಲಿನ ತೇವ. ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ, ತೇವದ ಗಾಳಿಯಲ್ಲಿ ಅದು ಸುಲಭವಾಗಿ ಆರದು. ಕೋಣೆಯ ಉಷ್ಣಾಂಶ 35 ಡಿಗ್ರಿ ದಾಟಿತೆಂದರೆ ಫ್ಯಾನು ಬೀಸುವುದು ಬಿಸಿಗಾಳಿಯನ್ನೇ. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ನೀರಿನಂಶ ಇನ್ನೂ ಬೇಗ ತಗ್ಗುತ್ತದೆ. ಇಷ್ಟಿದ್ದರೂ, ಮಕ್ಕಳು ಕೆಲಸಕ್ಕೆ ಹೊರಟೊಡನೆ ಹಿರಿಯರು ಮಾಡುವ ಮೊದಲ ಕೆಲಸವೆಂದರೆ ಎ.ಸಿ. ಆರಿಸುವುದು.

ಕಾರಣ ಕರೆಂಟ್ ಬಿಲ್ಲು. ನಮ್ಮಂಥ ವಲಸಿಗರಿಗೆ 2016ರಿಂದ ಸಬ್ಸಿಡಿ ಹಂತಹಂತವಾಗಿ ಕಡಿತಗೊಂಡು, 2019ರಲ್ಲಿ ದರ ಯೂನಿಟ್ಟಿಗೆ 29 ಫಿಲ್ಸ್ ಆಯಿತು. ಆ ಲೆಕ್ಕದಲ್ಲಿ ಒಂದೂವರೆ ಟನ್ನಿನ ಎ.ಸಿ. ಬಿಡುವಿಲ್ಲದೆ ಓಡಿದರೂ ಗಂಟೆಗೆ ಸುಮಾರು ಹತ್ತು ರೂಪಾಯಿ. ಆಸ್ಪತ್ರೆಯಲ್ಲಿ ಒಂದು ಬಾಟಲಿ ಡ್ರಿಪ್ ಏರಿಸಿಕೊಂಡರೆ ಆಗುವ ಖರ್ಚನ್ನು ತಾಯಿಯವರಿಗೆ ವಿವರಿಸಿದೆವು. ಕೇಳಿಸಿಕೊಂಡರು, ಮರುದಿನವೂ ಆರಿಸಿದರು.

ಆಗ ತಂದದ್ದು ಅಂಗೈಯಗಲದ ರಿಮೋಟ್ ಹಬ್, ಬ್ರಾಡ್‌ಲಿಂಕ್ ಕಂಪನಿಯ ಆರ್‌ಎಂ4 ಮಿನಿ. ರಿಮೋಟ್ ಎಂಬುದು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಸೆಕೆಂಡಿಗೆ ಸುಮಾರು 38,000 ಸಲ ಮಿಟುಕಿಸಿ, ಆ ಮಿಟುಕುಗಳ ಗುಂಪುಗಳಲ್ಲಿ ಸಂದೇಶ ಕಳಿಸುವ ಸಾಧನ. ಹಳೆಯ ರಿಮೋಟನ್ನು ಹಬ್‌ನ ಮುಂದೆ ಹಿಡಿದು ಗುಂಡಿ ಒತ್ತಿದರೆ ಹಬ್ ಆ ಸಂದೇಶವನ್ನು ಕಲಿತುಕೊಳ್ಳುತ್ತದೆ. ಅನಂತರ ಕೇಳಿದಾಗಲೆಲ್ಲ ಒಪ್ಪಿಸುತ್ತದೆ. ಕೇಳುವ ಕೆಲಸ ಪೈಥಾನ್ ಭಾಷೆಯ ನಲವತ್ತು ಸಾಲಿನ ಸ್ಕ್ರಿಪ್ಟಿನದು. (ಹೆಸರಿಗೂ ಹೆಬ್ಬಾವಿಗೂ ಸಂಬಂಧವಿಲ್ಲ, ಅದು ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡದ ನೆನಪು.) ಬ್ರಾಡ್‌ಲಿಂಕ್ ಸಾಧನಗಳೊಡನೆ ಮಾತಾಡಲು ಬೇಕಾದ ಪೈಥಾನ್ ಗ್ರಂಥಾಲಯ ಉಚಿತವಾಗಿ ದೊರೆಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಟಿ.ವಿ. ರಿಮೋಟುಗಳಲ್ಲಿ ಸಾಮಾನ್ಯವಾಗಿ ಹಚ್ಚುವುದಕ್ಕೂ ಆರಿಸುವುದಕ್ಕೂ ಒಂದೇ ಸಂದೇಶ. ಎ.ಸಿ. ರಿಮೋಟು ಹೆಚ್ಚಾಗಿ ಹಾಗಲ್ಲ; ಯಾವ ಗುಂಡಿ ಒತ್ತಿದರೂ 'ಚಾಲೂ, ತಂಪು, 26 ಡಿಗ್ರಿ, ಗಾಳಿ ಮಂದ' ಎಂದು ಪೂರ್ತಿ ಸ್ಥಿತಿಯನ್ನೇ ಕಳಿಸುತ್ತದೆ. ಆದ್ದರಿಂದ ಅದೇ ಸಂದೇಶವನ್ನು ಎರಡು ಸಲ ಕಳಿಸಿದರೂ ಅಪಾಯವಿಲ್ಲ. ಆದರೆ ಎರಡರಲ್ಲೂ ಸಂದೇಶ ಒಮ್ಮುಖ. ಹಬ್ ಹೇಳಬಲ್ಲದೇ ಹೊರತು ಎ.ಸಿ. ಕೇಳಿಸಿಕೊಂಡಿತೋ ಇಲ್ಲವೋ ಅರಿಯದು. ನಡುವೆ ಪರದೆ ಅಡ್ಡ ಬಂದರೂ, ಎ.ಸಿ.ಯ ಸ್ವಿಚ್ಚು ಗೋಡೆಯಲ್ಲೇ ಆರಿದ್ದರೂ ಮೊಬೈಲಿನಲ್ಲಿ 'ಚಾಲೂ' ಎಂದೇ ಕಾಣುತ್ತದೆ. ವಾರ್ಡಿನಲ್ಲಿ ಔಷಧ ಬರೆದ ಚೀಟಿಯನ್ನು ನೋಡಿ ರೋಗಿಗೆ ಔಷಧ ಸೇರಿತೆಂದು ನಾವು ಎಂದೂ ಭಾವಿಸುವುದಿಲ್ಲ. ಜ್ವರ ಇಳಿಯಿತೇ ಎಂದು ಮತ್ತೆ ನೋಡುತ್ತೇವೆ. ಹಾಗೆಯೇ ಹಬ್‌ಗೆ ಉಷ್ಣಾಂಶ ಮತ್ತು ತೇವ ಅಳೆಯುವ ಸಂವೇದಕದ ತಂತಿ ಜೋಡಿಸಿದೆವು. ಸ್ಕ್ರಿಪ್ಟು ಹತ್ತು ನಿಮಿಷಕ್ಕೊಮ್ಮೆ ಕೋಣೆಯ ಉಷ್ಣಾಂಶ ನೋಡುತ್ತದೆ, ಎ.ಸಿ.ಯ ಮಾತನ್ನು ನಂಬುವುದಿಲ್ಲ.

ಇದೆಲ್ಲ ಮನೆಯ ವೈಫೈ ಒಳಗೇ ನಡೆಯಬೇಕೆಂಬುದು ನಮ್ಮ ಹಟ. ಲಾಜಿಟೆಕ್ ಕಂಪನಿ 2018ರ ಡಿಸೆಂಬರ್‌ನಲ್ಲಿ ಒಂದು ತಂತ್ರಾಂಶ ಪರಿಷ್ಕರಣೆಯಿಂದ ತನ್ನ ಹಾರ್ಮನಿ ಹಬ್‌ನ ಸ್ಥಳೀಯ ಬಾಗಿಲನ್ನು ಮುಚ್ಚಿತು. ಸ್ವಂತ ಸ್ಕ್ರಿಪ್ಟು ಬರೆದುಕೊಂಡಿದ್ದವರ ಮನೆಗಳು ಮೂಕವಾದವು. ಪ್ರತಿಭಟನೆಯ ಬಳಿಕ ಬಾಗಿಲು ತೆರೆಯಿತು. 2021ರಲ್ಲಿ ಆ ರಿಮೋಟುಗಳ ತಯಾರಿಕೆಯನ್ನೇ ನಿಲ್ಲಿಸಿತು. ದೂರದ ಸರ್ವರೊಂದರ ಮರ್ಜಿಗೆ ವೃದ್ಧರ ಕೋಣೆಯ ತಂಪನ್ನು ಬಿಡಲು ನಮಗೆ ಮನಸ್ಸಿಲ್ಲ.

ಯಂತ್ರವೇ ಎ.ಸಿ. ಹಚ್ಚುವುದಕ್ಕೆ ತಾಯಿಯವರು ಒಪ್ಪಲಿಲ್ಲ. "ನಂಗೆ ಚಳಿ ಆದ್ರೆ ಯಾರ ಹತ್ರ ಹೇಳ್ಲಿ ಮಾರಾಯ, ನಿನ್ನ ಪೆಟ್ಟಿಗೆ ಹತ್ರವಾ?" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಕೊನೆಗೆ ಆದ ಒಪ್ಪಂದ ಹೀಗೆ: ಕೋಣೆ 30 ಡಿಗ್ರಿ ದಾಟಿದರೆ ನಮ್ಮಿಬ್ಬರ ಮೊಬೈಲಿಗೆ ಸಂದೇಶ; ಯಾರಾದರೊಬ್ಬರು ಫೋನ್ ಮಾಡಿ ಕೇಳಬೇಕು; ಎರಡು ಸಲ ಕರೆದರೂ ಎತ್ತದಿದ್ದರೆ ಮಾತ್ರ ನಾವು ಇಲ್ಲಿಂದ ಹಚ್ಚುವುದು, ಕೆಳಗಿನ ಮನೆಯವರಿಗೆ ಹೋಗಿ ನೋಡಲು ಹೇಳುವುದು. ಅಡುಗೆಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದೆನೆಂದು ಒಂದೆರಡು ಸಲ ಫೋನ್ ಎತ್ತಿಲ್ಲ. ಈಗ ಮಧ್ಯಾಹ್ನ ಕರೆ ಹೋದರೆ "ಹಲೋ" ಬದಲು "ಎಷ್ಟು ಡಿಗ್ರಿ ಅಂತೆ?" ಎಂದೇ ಕೇಳುತ್ತಾರೆ.

ಮಾಡಿಕೊಳ್ಳಬಯಸುವ ಸದಸ್ಯರು ಎರಡು ವಿಷಯ ಗಮನಿಸಬೇಕು. ಅವಕೆಂಪು ಬೆಳಕು ಗೋಡೆ ದಾಟದಾದ್ದರಿಂದ ಕೋಣೆಗೊಂದು ಹಬ್ ಬೇಕು. ಈ ಮಾದರಿಯ ಹಬ್ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಕೂಡಿಕೊಳ್ಳುತ್ತದೆ. ಸ್ಕ್ರಿಪ್ಟು ಕೇಳಿದವರಿಗೆ ಕಳಿಸುತ್ತೇವೆ. ಅದಕ್ಕೂ ಮುನ್ನ ಮನೆಯ ಹಿರಿಯರ ಮಾತ್ರೆಗಳ ಪಟ್ಟಿಯನ್ನೊಮ್ಮೆ ನಿಮ್ಮ ವೈದ್ಯರಿಗೆ ತೋರಿಸಿ.