ಮನೆ ನೆಟ್ಟಗೆ ಕಾಣಬೇಕಾದರೆ ಮುಕ್ಕಾಲಿ ಗಟ್ಟಿ ಇರಬೇಕು

ನಮ್ಮ ಕ್ಯಾಂಪಸ್‌ನಲ್ಲಿ ಯಾರಾದರೂ ಹೊಸ ಕ್ಯಾಮೆರಾ ತಂದರೆ ಮೊದಲ ಪ್ರಶ್ನೆ "ಎಷ್ಟು ಮೆಗಾಪಿಕ್ಸೆಲ್ ಮಗಾ?" ಎರಡನೆಯದು "ಲೆನ್ಸ್ ಯಾವುದು?" ಟ್ರೈಪಾಡ್ ಯಾವುದು ಅಂತ ಕೇಳಿದವರನ್ನು ನಾವು ಈ ಮೂರು ವರ್ಷದಲ್ಲಿ ನೋಡಿಲ್ಲ. ಕ್ಯಾಮೆರಾ ಜೊತೆ ಪುಕ್ಕಟೆ ಬಂದ ಸಣಕಲು ಕಾಲಿನದೊಂದು ಕಪಾಟಿನ ಮೇಲೆ ಬಿದ್ದಿರುತ್ತೆ, ಫೆಸ್ಟ್ ದಿನ ಡ್ಯಾನ್ಸ್ ವಿಡಿಯೋ ಮಾಡೋಕೆ ಸಾಕು. ಆದರೆ ಕಟ್ಟಡದ ಫೋಟೋ ತೆಗೆಯೋಕೆ ಹೊರಟರೆ ಕ್ಯಾಮೆರಾಗಿಂತ ಮೊದಲು ಅದರ ಕಾಲು ನೋಡಬೇಕು. ಈ ಮಾತು ಯಾಕೆ ಹೇಳ್ತಿದ್ದೀವಿ ಅಂದರೆ, ಹೋದ ವರ್ಷ ನಮಗೊಂದು ಕೆಲಸ ಬಂತು, ಅದಕ್ಕೆ ಎರಡನೇ ಅವಕಾಶ ಇರಲಿಲ್ಲ.

ನಮ್ಮ ನಾಲ್ವರ ಗುಂಪಿನಲ್ಲಿ ಒಬ್ಬನ ಅಜ್ಜಿ ಮನೆ ಹಾಸನದ ಕಡೆ. ಹಳೇ ತೊಟ್ಟಿ ಮನೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಮರದ ಕಂಬಗಳು, ಪಡಸಾಲೆ, ಮೇಲೆ ಅಟ್ಟ, ಕನ್ನಡಿ ಥರ ಹೊಳೆಯುವ ಕೆಂಪು ನೆಲ. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪಂದಿರ ನಡುವೆ ಪಾಲಾಗಿತ್ತು. ಯುಗಾದಿ ಕಳೆದ ಮೇಲೆ ಮನೆ ಕೆಡವುವುದು ಅಂತ ಮಾತಾಗಿತ್ತು. ಅದಕ್ಕೂ ಮುಂಚೆ ನಮಗೆ ಸಿಕ್ಕಿದ್ದು ಒಂದು ಶನಿವಾರ, ಒಂದು ಭಾನುವಾರ. ಅಜ್ಜಿಗೆ ಫೋಟೋ ಬೇಕಿತ್ತು. ನಮ್ಮಲ್ಲಿದ್ದ ಸಿವಿಲ್ ಹುಡುಗನಿಗೆ ಅಳತೆ ಸಮೇತ ಮನೆಯ ಡ್ರಾಯಿಂಗ್ ಮಾಡುವ ಆಸೆ. ಕ್ಯಾಮೆರಾ ಇತ್ತು, ಜೊತೆಗೆ ಬಂದ 18-55 ಲೆನ್ಸ್ ಇತ್ತು. ನಾಲ್ವರ ಜೇಬು ಸೇರಿಸಿದರೆ 8000 ರೂಪಾಯಿ.

ಕಟ್ಟಡದ ಫೋಟೋದಲ್ಲಿ ಕಷ್ಟ ಇರೋದು ಗೆರೆಗಳಲ್ಲಿ. ಮನುಷ್ಯರ ಫೋಟೋ ಒಂಚೂರು ವಾಲಿದ್ದರೆ ಯಾರಿಗೂ ಗೊತ್ತಾಗಲ್ಲ. ಕಂಬ, ಬಾಗಿಲು, ಗೋಡೆಯ ಅಂಚು ವಾಲಿದರೆ ಮಾತ್ರ ಕಣ್ಣಿಗೆ ತಕ್ಷಣ ಚುಚ್ಚುತ್ತೆ. ನಮ್ಮದು 24 ಮೆಗಾಪಿಕ್ಸೆಲ್, ಅಂದರೆ ಅಡ್ಡಕ್ಕೆ 6000 ಪಿಕ್ಸೆಲ್. ಕ್ಯಾಮೆರಾ ಪಕ್ಕಕ್ಕೆ ಬರೀ 1 ಡಿಗ್ರಿ ವಾಲಿದರೂ ಈ ತುದಿಯಿಂದ ಆ ತುದಿಗೆ ಸುಮಾರು 105 ಪಿಕ್ಸೆಲ್ ವ್ಯತ್ಯಾಸ. ಟ್ಯಾನ್ 1 ಡಿಗ್ರಿಯನ್ನು 6000ದಿಂದ ಗುಣಿಸಿ ನೋಡಿ. ಇನ್ನು ಸೂರು ಸಿಗಲಿ ಅಂತ ಕ್ಯಾಮೆರಾ ಮೇಲಕ್ಕೆತ್ತಿದರೆ ಕಂಬಗಳೆಲ್ಲ ಮೇಲೆ ಹೋಗ್ತಾ ಒಂದಕ್ಕೊಂದು ಹತ್ತಿರ ಬಂದು, ಮನೆ ಹಿಂದಕ್ಕೆ ಬೀಳೋ ಹಾಗೆ ಕಾಣುತ್ತೆ. ಸಾಫ್ಟ್‌ವೇರ್‌ನಲ್ಲಿ ಸರಿ ಮಾಡಬಹುದು, ಆದರೆ ಎಳೆದಷ್ಟೂ ಅಂಚು ಕತ್ತರಿಸಿ ಹೋಗುತ್ತೆ. ಇದಕ್ಕೆಂದೇ ಟಿಲ್ಟ್-ಶಿಫ್ಟ್ ಲೆನ್ಸ್ ಇವೆ, ಅವುಗಳ ಬೆಲೆ ಕೇಳಿ ನಾವು ಸುಮ್ಮನಾದೆವು. ನಮಗಿದ್ದ ದಾರಿ ಒಂದೇ: ಕ್ಯಾಮೆರಾವನ್ನು ನೆಲಕ್ಕೆ ಸಮನಾಗಿ ಹಿಡಿದು, ಸ್ವಲ್ಪ ಹಿಂದೆ ನಿಂತು, ಅಗಲವಾಗಿ ತೆಗೆದು, ಬೇಡದ ಭಾಗ ಆಮೇಲೆ ಕತ್ತರಿಸುವುದು.

ಎರಡನೇ ಕಷ್ಟ ಬೆಳಕು. ತೊಟ್ಟಿಯಲ್ಲಿ ಸುಡುಬಿಸಿಲು, ಪಡಸಾಲೆಯ ಮೂಲೆಯಲ್ಲಿ ಕತ್ತಲು. ಒಂದೇ ಕ್ಲಿಕ್‌ನಲ್ಲಿ ಎರಡೂ ಬರಲ್ಲ. ಐಎಸ್‌ಒ 100, ಎಫ್/8 ಇಟ್ಟುಕೊಂಡು 1/60 ಸೆಕೆಂಡಿನಿಂದ ಶುರು ಮಾಡಿ 1/15, 1/4, 1, ಕೊನೆಗೆ 4 ಸೆಕೆಂಡ್ ತನಕ ಐದು ಫೋಟೋ ತೆಗೆದು ಒಂದು ಮಾಡಬೇಕು. ಐದೂ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಕೈಯಲ್ಲಿ ಹಿಡಿದು ಮಾಡೋ ಕೆಲಸ ಅಲ್ಲ ಇದು.

ಹಾಗಾಗಿ ಮೊದಲು ಕಾಲು. ಟ್ರೈಪಾಡ್ ಕಾಲು ಅಂದರೆ ಒಂದು ಕೊಳವೆ, ಬಾಗದೆ ಇರೋದು ಅದರ ಕೆಲಸ. ಗೋಡೆ ದಪ್ಪ ಒಂದೇ ಇದ್ದರೆ ತೆಳು ಕೊಳವೆಯ ಬಿಗಿ ಹೆಚ್ಚುಕಮ್ಮಿ ವ್ಯಾಸದ ಘನದಷ್ಟು ಏರುತ್ತೆ. 22 ಮಿಲಿಮೀಟರ್ ಕೊಳವೆಗಿಂತ 28 ಮಿಲಿಮೀಟರಿನದು ಎರಡು ಪಟ್ಟು ಗಟ್ಟಿ. ನಾಲ್ಕನೇ ಸೆಮ್‌ನಲ್ಲಿ ಮಾರ್ಕ್ಸಿಗೆ ಬಾಯಿಪಾಠ ಮಾಡಿದ ಸೂತ್ರ ಅಂಗಡಿಯಲ್ಲಿ ದುಡ್ಡು ಉಳಿಸುತ್ತೆ ಅಂತ ಯಾರು ಎಣಿಸಿದ್ದರು! ಐದು ಮಡಿಕೆಯ ಟ್ರೈಪಾಡ್ ಬ್ಯಾಗಿನಲ್ಲಿ ಚೆನ್ನಾಗಿ ಕೂರುತ್ತೆ, ಆದರೆ ಒಳಗಿಂದ ಬರುವ ಪ್ರತಿ ಭಾಗವೂ ಹಿಂದಿನದಕ್ಕಿಂತ ಸಣ್ಣ. ಕೊನೆಯದು ಪೆನ್ಸಿಲ್ ಗಾತ್ರಕ್ಕೆ ಇಳಿದಿರುತ್ತೆ. ಮೂರು ಭಾಗದ ಕಾಲೇ ವಾಸಿ ಅಂದುಕೊಂಡೆವು.

ನಡುವಿನ ಕಂಬವನ್ನು ಮೇಲಕ್ಕೆ ಎತ್ತಿದರೆ ಅದು ಒಂಟಿ ಕ್ಯಾಂಟಿಲಿವರ್. ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟು. ಅದನ್ನು ಎತ್ತದೆಯೇ ಬೇಕಾದ ಎತ್ತರ ಸಿಗುವ ಟ್ರೈಪಾಡ್ ಹುಡುಕಿದೆವು. ಮನೆಯೊಳಗೆ ಕ್ಯಾಮೆರಾ 1.2ರಿಂದ 1.4 ಮೀಟರ್ ಎತ್ತರದಲ್ಲಿದ್ದರೆ ನೆಲವೂ ಸೂರೂ ಹದವಾಗಿ ಬರುತ್ತವೆ, ಆಳೆತ್ತರದ್ದು ಬೇಕಾಗಲ್ಲ. ಕಾರ್ಬನ್ ಫೈಬರ್ ಹಗುರ, ಕಂಪನವನ್ನೂ ಬೇಗ ಅಡಗಿಸುತ್ತೆ. ಆದರೆ ನಾವೇನು ಕುಮಾರಪರ್ವತ ಹತ್ತಬೇಕಿರಲಿಲ್ಲ, ಬಸ್ಸಿನಲ್ಲಿ ಹೋಗಿ ಮನೆಯೊಳಗೆ ಇಡಬೇಕಿತ್ತು. ಅಲ್ಯೂಮಿನಿಯಂ ಸಾಕು.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿದೆವು, ನೀವೂ ಮಾಡಿ. ಕ್ಯಾಮೆರಾ ಕೂರಿಸಿ, ಪರದೆಯ ಮೇಲೆ ಚಿತ್ರವನ್ನು 10 ಪಟ್ಟು ದೊಡ್ಡದು ಮಾಡಿ, ಒಂದು ಕಾಲಿಗೆ ಬೆರಳಿನಿಂದ ಟಕ್ ಅಂತ ಬಡಿಯಿರಿ. ನಡುಕ ನಿಲ್ಲೋಕೆ ಎಷ್ಟು ಹೊತ್ತು ಅಂತ ಎಣಿಸಿ. ತೆಳ್ಳಗಿನ ಹೊಸ ಟ್ರೈಪಾಡು ಮೂರ್ನಾಲ್ಕು ಸೆಕೆಂಡ್ ನಡುಗಿತು. ಪಕ್ಕದಲ್ಲಿದ್ದ, ಬಣ್ಣ ಹೋದ ಸೆಕೆಂಡ್‌ಹ್ಯಾಂಡ್ ದಪ್ಪಕಾಲಿನದು ಒಂದು ಸೆಕೆಂಡಿಗೆ ಮುಂಚೆಯೇ ಸುಮ್ಮನಾಯಿತು. ಡಬ್ಬದ ಮೇಲಿನ ಕೆಜಿ ಲೆಕ್ಕಕ್ಕಿಂತ ಈ ಬೆರಳಿನ ಲೆಕ್ಕವನ್ನು ನಾವು ನಂಬಿದೆವು. ಇಷ್ಟು ಕೆಜಿ ಹೊರುತ್ತೆ ಅಂತ ಬರೆಯೋದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಅಳತೆ ಇಲ್ಲ.

ಆಮೇಲೆ ತಲೆ, ಅಂದರೆ ಹೆಡ್. ಬಾಲ್ ಹೆಡ್‌ನಲ್ಲಿ ಒಂದು ತಿರುಪು ಸಡಿಲಿಸಿದರೆ ಕ್ಯಾಮೆರಾ ಎಲ್ಲ ದಿಕ್ಕಿಗೂ ಒಟ್ಟಿಗೆ ವಾಲುತ್ತೆ. ಹಕ್ಕಿ, ಜಾತ್ರೆ, ಬೆಟ್ಟ ಇವಕ್ಕೆ ಬಲು ಚಂದ. ಕಟ್ಟಡಕ್ಕೆ ಹೋದರೆ ಪಕ್ಕದ ವಾಲು ಸರಿ ಮಾಡುವಷ್ಟರಲ್ಲಿ ಮುಂದಿನ ವಾಲು ಕೆಟ್ಟಿರುತ್ತೆ. ಥ್ರೀ-ವೇ ಹೆಡ್‌ನಲ್ಲಿ ಮೂರು ದಿಕ್ಕಿಗೆ ಮೂರು ಹಿಡಿ, ಒಂದನ್ನು ಮುಟ್ಟಿದರೆ ಇನ್ನೆರಡು ಅಲುಗಲ್ಲ. ಗೇರ್ಡ್ ಹೆಡ್ ಇನ್ನೂ ಒಂದು ಹೆಜ್ಜೆ ಮುಂದೆ. ಗುಬುಟು ತಿರುಗಿಸಿದರೆ ಒಳಗಿನ ಹಲ್ಲುಚಕ್ರ ಕ್ಯಾಮೆರಾವನ್ನು ಕೂದಲೆಳೆಯಷ್ಟೇ ಸರಿಸುತ್ತೆ, ಬಿಟ್ಟ ಜಾಗದಲ್ಲೇ ನಿಲ್ಲುತ್ತೆ. ಮ್ಯಾನ್‌ಫ್ರೊಟ್ಟೊ 410 ಈ ಜಾತಿಯದು, ಹೆಡ್ ಒಂದೇ ಸುಮಾರು 1.2 ಕೆಜಿ. ಕಟ್ಟಡ ತೆಗೆಯುವವರು ಅದನ್ನೇ ಯಾಕೆ ಹೊರುತ್ತಾರೆ ಅಂತ ಒಮ್ಮೆ ತಿರುಗಿಸಿದರೆ ಅರ್ಥವಾಗುತ್ತೆ. ನಮ್ಮ ಜೇಬಿಗೆ ಅರ್ಥವಾಗಲಿಲ್ಲ. ಥ್ರೀ-ವೇ ತಗೊಂಡ್ವಿ. ಬಿಗಿ ಮಾಡಿದ ಮೇಲೆ ಮೂತಿ ಒಂಚೂರು ಕೆಳಗೆ ಜಗ್ಗುತ್ತಾ ಅಂತ ನೋಡಿಯೇ ತಗೊಂಡ್ವಿ, ಬಾಲ್ ಹೆಡ್ ಕೊಳ್ಳುವವರೂ ಇದನ್ನು ನೋಡಲೇಬೇಕು.

ಶನಿವಾರ ಬೆಳಿಗ್ಗೆ ಪಡಸಾಲೆಯಲ್ಲಿ ಅದನ್ನು ಬಿಚ್ಚಿ ನಿಲ್ಲಿಸಿದಾಗ ಅಜ್ಜಿ ಮೊದಲು ನೋಡಿದ್ದು ಅದರ ಪಾದಗಳನ್ನು. "ಏನ್ರಪ್ಪಾ, ಆ ಮುಕ್ಕಾಲಿ ನನ್ನ ನೆಲ ಗೀರಲ್ಲ ತಾನೇ?" ಇನ್ನೆರಡು ತಿಂಗಳಲ್ಲಿ ಕೆಡವುವ ಮನೆಯ ನೆಲ. ನಾವು ರಬ್ಬರ್ ಪಾದ ತೋರಿಸಿ, ಅದರ ಕೆಳಗೆ ಮತ್ತೆ ಬಟ್ಟೆಯನ್ನೂ ಹಾಕಿದೆವು. ಕಾಲುಗಳನ್ನು ಹೆಚ್ಚುಕಮ್ಮಿ ಮಾಡಿ ಬುಡದ ಗುಳ್ಳೆ ಮಟ್ಟ ಸರಿ ಮಾಡಿಕೊಂಡು, ಆಮೇಲೆ ಹೆಡ್ ಸರಿ ಮಾಡಿದೆವು. ಬುಡ ಸಮ ಇಲ್ಲದಿದ್ದರೆ ಕ್ಯಾಮೆರಾ ತಿರುಗಿಸಿದ ಹಾಗೆಲ್ಲ ಗೆರೆ ಮತ್ತೆ ವಾಲುತ್ತೆ. ಬಟನ್ ಒತ್ತಿದ ನಡುಕ ಸೇರದಿರಲಿ ಅಂತ 2 ಸೆಕೆಂಡ್ ಟೈಮರ್, ಲೆನ್ಸಿನ ಸ್ಟೆಬಿಲೈಸೇಶನ್ ಆಫ್.

ಎಲ್ಲ ಸರಿಯಿದ್ದರೂ ಒಂದು ಕಂಬ ಮಾತ್ರ ನೆಟ್ಟಗೆ ಬರಲಿಲ್ಲ. ಮೂರು ಕಡೆಯಿಂದ ತೆಗೆದೆವು, ಮೂರರಲ್ಲೂ ವಾಲಿತ್ತು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿದರೆ ಕಂಬವೇ ವಾಲಿದೆ! ಅಜ್ಜಿ ನಕ್ಕರು. "ಅದು ನಿಮ್ಮ ತಾತ ಇದ್ದಾಗಲೇ ವಾಲಿದ್ದು ಕಣೋ. ಒಂದು ಮಳೆಗಾಲ ಮೇಲಿನ ಹೆಂಚು ಸರಿದು ತೊಲೆ ನೆನೆದುಬಿಡ್ತು. ಕಂಬ ಬದಲಾಯಿಸೋಣ ಅಂದ್ರೆ ಅವರು ಬಿಡಲಿಲ್ಲ. ಒರಗಿ ಕೂರೋಕೆ ಈಗ್ಲೇ ಚೆನ್ನಾಗಿದೆ ಅಂದ್ರು."

ಆ ಫೋಟೋವನ್ನು ಕಂಪ್ಯೂಟರಿನಲ್ಲಿ ನೇರ ಮಾಡಲು ಒಂದು ಕ್ಲಿಕ್ ಸಾಕಿತ್ತು. ನಾವು ಮಾಡಲಿಲ್ಲ. ಕ್ಯಾಮೆರಾ ನೆಟ್ಟಗಿದೆ ಅಂತ ಖಾತ್ರಿ ಇದ್ದದ್ದರಿಂದಲೇ ಕಂಬದ ವಾಲು ಮನೆಯದ್ದು ಅಂತ ಹೇಳೋಕಾಯಿತು. ಸಿವಿಲ್ ಹುಡುಗನ ಡ್ರಾಯಿಂಗ್‌ನಲ್ಲೂ ಆ ಕಂಬ ವಾಲಿಯೇ ಇದೆ.

ಒಂದು ಎಚ್ಚರಿಕೆಯ ಮಾತು. ಟ್ರೈಪಾಡ್ ಸಿಕ್ಕಿತು ಅಂತ ನೇರ ಬೇಲೂರು, ಹಳೇಬೀಡು, ಹಂಪಿಗೆ ಹೊತ್ತುಕೊಂಡು ಹೋಗಬೇಡಿ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡೋಕೆ ಮೊದಲೇ ಅನುಮತಿ ಬೇಕು. ಊರ ಮನೆಗಳಿಗೆ ಯಾವ ಇಲಾಖೆಯೂ ಅಡ್ಡ ಬರಲ್ಲ, ಯಾವ ಇಲಾಖೆಯೂ ಕಾಯುವುದೂ ಇಲ್ಲ.

ಯುಗಾದಿ ಆಗಿ ಹದಿನೈದು ದಿನಕ್ಕೆ ಮನೆ ಕೆಡವಿದರು. ಕಂಬಗಳನ್ನು ಯಾರೋ ಲಾರಿಯಲ್ಲಿ ಕೊಂಡೊಯ್ದರು. ನಾವು ತೆಗೆದ ಫೋಟೋಗಳನ್ನು ಅಜ್ಜಿ ಮುಂದೆ ಹರಡಿ, ಕಟ್ಟು ಹಾಕಿಸೋಕೆ ಒಂದು ಆರಿಸಿ ಅಂದೆವು. ತೊಟ್ಟಿಗೆ ಬಿಸಿಲು ಬಿದ್ದ ಫೋಟೋ ನಮ್ಮೆಲ್ಲರ ಮೆಚ್ಚಿನದು. ಅಜ್ಜಿ ವಾಲಿದ ಕಂಬದ್ದನ್ನು ಎತ್ತಿಕೊಂಡರು.

ನಿಮ್ಮೂರಲ್ಲೂ ಇಂಥ ಮನೆ ಇದ್ದರೆ ಪಾಲಿನ ಮಾತು ಶುರುವಾಗೋ ಮುಂಚೆಯೇ ಹೋಗಿ ಬನ್ನಿ. ನಮ್ಮ ಟ್ರೈಪಾಡ್ ಈಗ ಕನ್ನಡ ಸಂಘದ ಬೀರುವಿನಲ್ಲಿದೆ. ರಿಜಿಸ್ಟರಿನಲ್ಲಿ ಹೆಸರು ಬರೆದು ಯಾರು ಬೇಕಾದರೂ ಒಯ್ಯಬಹುದು. ತೂಕ ಜಾಸ್ತಿ, ಬೈಕಿನಲ್ಲಿ ಹಿಂದೆ ಕೂತವರು ಹಿಡಿದುಕೊಳ್ಳಬೇಕಾಗುತ್ತೆ.